ತಪ್ಪು ಮಾಡುವ ಅಕ್ಕ

ಅವಳ ಕಸುಬು ರಫು. ಹರಿದ ಶಾಲು, ನುಸಿ ತಿಂದ ಕೋಟು, ಮೊಳೆಗೆ ಸಿಕ್ಕಿದ ಪ್ಯಾಂಟು, ಏನೇ ತಂದರೂ ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ಬಿಡಿಸಿ, ಹರಿದ ಕಡೆ ಹಾಸುಹೊಕ್ಕಾಗಿ ನೇಯ್ದು ಕೊಡುವಳು. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮಡಿಲಿಗೆ ಇಳಿದರೆ ಸೂಜಿ ತಾನಾಗಿಯೇ ಓಡುವುದು. ತುಟಿಯಲ್ಲಿ ದೇವರ ಹೆಸರು, ಅದೂ ಯಾರಿಗೂ ಕೇಳದ ಹಾಗೆ.

ನಾದಿನಿಯ ಮಗಳು ಅವಳಿಗೆ ಫೋನಿನಲ್ಲಿ, ಆಗ ಎಲ್ಲರೂ ಇದ್ದ ಆ್ಯಪಿನಲ್ಲಿ, ಒಂದು ಪುಟ ತೆರೆದುಕೊಟ್ಟಿದ್ದಳು. ಒಂದು ಶಾಲಿನ ಫೋಟೋ ಹಾಕಿ, ಒತ್ತಿ ಬರೆಯಲು ಬಾರದೆ ಇವಳು ಬಾಯಲ್ಲೇ ಹೇಳಿದಳು: "ಇವತ್ತು ಈ ಶಾಲಿಗೆ ರಫು ಮಾಡಿದೆ." ಫೋನು ಬರೆದುಕೊಂಡದ್ದು, "ಇವತ್ತು ಈ ಶಾಲಿಗೆ ತಪ್ಪು ಮಾಡಿದೆ." ಕನ್ನಡಕ ಹುಡುಕುವ ಸೋಮಾರಿತನಕ್ಕೆ ಹಾಗೇ ಕಳಿಸಿಬಿಟ್ಟಳು.

ಜನ ಮುಗಿಬಿದ್ದರು. "ಎಲ್ರೀ ತಪ್ಪು? ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡಿದ್ರೂ ಕಾಣ್ತಿಲ್ಲ." "ಇಂಥ ತಪ್ಪು ನಮ್ಮ ಕೋಟಿಗೂ ಮಾಡಿಕೊಡಿ." ಅಂದಿನಿಂದ ಅವಳು ತಪ್ಪು ಮಾಡುವ ಅಕ್ಕ.

ಈಗ ಅದೇ ಹುಡುಗಿ ಬೇರೆ ರಾಗ ತೆಗೆದಿದ್ದಳು.

"ಅತ್ತೆ, ಆ ಹಳೇ ಆ್ಯಪಲ್ಲಿ ನೊಣ ಕೂಡ ಸುಳೀತಿಲ್ಲ. ಜನ ಎಲ್ಲ ಹೊಸ ಆ್ಯಪಿಗೆ ಗುಳೆ ಎದ್ದು ಹೋದ್ರು. ಅಲ್ಲಿ ವಿಡಿಯೊ ಹಾಕಿದ್ರೆ ಗಿರಾಕಿ ಬರ್ತಾರೆ."

"ವಿಡಿಯೊದಲ್ಲಿ ಏನಮ್ಮ ತೋರ್ಸೋದು? ಕಾಣದೆ ಇರೋದೇ ನನ್ನ ಕೆಲಸ."

"ಅದಕ್ಕೇ ಅಂಗಡೀಲೂ ಯಾರೂ ಕಾಣ್ತಿಲ್ಲ."

"ನಾಲಿಗೆ ನೋಡು, ಥೇಟ್ ನಿಮ್ಮಮ್ಮಂದು."

"ಎರಡು ಕಡೇನೂ ಇರಿ ಹಾಗಾದ್ರೆ."

"ಹಗಲೆಲ್ಲ ಸೂಜಿಗೆ ಕೊಟ್ಟ ಮೇಲೆ ಉಳಿಯೋ ಕಣ್ಣು ಒಂದು ಕಡೆಗೇ ಸಾಲಲ್ಲ ಕಣೆ."

ಹುಡುಗಿಯ ಮಾತು ಸುಳ್ಳಲ್ಲ. ಹೊಲಿಯಲು ಬಟ್ಟೆಯೇ ಇಲ್ಲದ ದಿನಗಳೂ ಬಂದಿದ್ದವು. ಆದರೂ ಹಳೆಯ ಆ್ಯಪಿನಲ್ಲಿ ಇನ್ನೂ ಒಬ್ಬಾಕೆ ಇದ್ದಳು. ಎಂದೂ ಮುಖ ಕಂಡವಳಲ್ಲ, ಒಂದು ಬಟ್ಟೆ ತಂದವಳೂ ಅಲ್ಲ. ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಹೆಂಗಸು. ಸಂಜೆಯಾದರೆ ಸಾಕು, ಫೋಟೋ ಹಿಗ್ಗಿಸಿ, ರಫು ಎಲ್ಲಿದೆಯೆಂದು ಹುಡುಕಿ ಬರೆಯುವಳು: "ಎಡಜೇಬಿನ ಕೆಳಗೆ, ಅಲ್ವಾ ಅಕ್ಕ?" ಇವಳ ಉತ್ತರ: "ಅಲ್ಲ, ಇನ್ನೂ ಹುಡುಕಿ."

ಸೂಜಿ ನಿಲ್ಲಿಸಿ ಕೂತಾಗ ಅವಳಿಗೆ ಆ ಹಳೆಯ ಆ್ಯಪು ಒಂದು ಬೀದಿಯ ಹಾಗೆ ತೋರುತ್ತಿತ್ತು. ಬಾಗಿಲುಗಳು ಸದ್ದಿಲ್ಲದೆ ಮುಚ್ಚುತ್ತಿವೆ. ಮಂಜಿನಂಥ ಬೆಳಕು. ಕೊನೆಯ ಮನೆಯ ಬಾಗಿಲು ಮಾತ್ರ ಅರೆ ತೆರೆದಿದೆ, ಒಳಗೆ ಯಾರೋ ಮಲಗಿದಲ್ಲಿಂದಲೇ ದಾರಿ ನೋಡುತ್ತಿದ್ದಾರೆ.

ಕೊನೆಗೆ ಆ ಹಾಸಿಗೆ ಹಿಡಿದವಳನ್ನೇ ಕೇಳಿದಳು. "ನಾನು ಹೊಸ ಕಡೆ ಹೋದ್ರೆ ನೀವೂ ಬರ್ತೀರಾ?"

"ಇದನ್ನ ಕಲಿಯೋದ್ರಲ್ಲೇ ಸಾಕೋಸಾಕಾಯ್ತು ಅಕ್ಕ. ನೀವು ಹೋಗಿ, ಹೊಟ್ಟೆಪಾಡು ನೋಡ್ಬೇಕಲ್ಲ. ಹಳೇ ಫೋಟೋಗಳಲ್ಲಿ ಎಷ್ಟೋ ತಪ್ಪು ನನಗಿನ್ನೂ ಸಿಕ್ಕಿಲ್ಲ. ಹುಡುಕ್ತಾ ಇರ್ತೀನಿ."

ಅಕ್ಕ ಫೋನು ಕೆಳಗಿಟ್ಟು ಸೂಜಿಗೆ ನೂಲು ಪೋಣಿಸಿದಳು. ದೇವರು ಎಲ್ಲ ಕಡೆ ಇದ್ದಾನೆ, ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಮನುಷ್ಯರು ಹಾಗಲ್ಲ. ಒಂದೇ ಕಡೆ ಇರುತ್ತಾರೆ, ನಾವೇ ಅಲ್ಲಿಗೆ ಹೋಗಬೇಕು.

"ಅಂಗಡೀನ ನೀನು ಹೊಸ ಕಡೆ ಕರ್ಕೊಂಡು ಹೋಗಮ್ಮ," ಅಂದಳು ಹುಡುಗಿಗೆ. "ಹರಿದಿದ್ದನ್ನ ಅಲ್ಲಿ ತೋರ್ಸು. ಗಿರಾಕಿ ಬಂದ್ರೆ ಬರ್ಲಿ. ಸರಿಯಾಗಿದ್ದನ್ನ ನಾನು ಇಲ್ಲೇ ಹಾಕ್ತೀನಿ."

"ಒಬ್ಬರಿಗೋಸ್ಕರಾನಾ ಅತ್ತೆ?"

"ನಾನೂ ಒಬ್ಬಳೇ ತಾನೆ."

ರಫು ಮುಗಿದ ಬೂದು ಬಣ್ಣದ ಕೋಟನ್ನು ಮಡಿಲಲ್ಲಿ ಹರಡಿ, ಸುಕ್ಕು ಸವರಿ, ಹಳೆಯ ಆ್ಯಪನ್ನೇ ತೆರೆದಳು.