ಕೋಸಿನ ನೀರು

ಬೀದಿಯ ಮಕ್ಕಳು ಅವಳನ್ನು ಬಾಣಲೆ ಅತ್ತೆ ಎನ್ನುತ್ತಿದ್ದರು. ಗಂಡ ಬಿಟ್ಟುಹೋದ ಮೇಲೆ ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದು ಇಪ್ಪತ್ತೆರಡು ವರ್ಷ. ಹಂಗಿನ ಅನ್ನಕ್ಕೆ ಉಪ್ಪು ಕಡಿಮೆ ಎನ್ನುವಂತಿಲ್ಲ, ಅವಳೂ ಅನ್ನಲಿಲ್ಲ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಡಬ್ಬಗಳ ನಡುವೆ ಮಲಗಿದಳು, ತಮ್ಮನ ಮಗಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಆ ಮನೆಯಲ್ಲಿ ಅವಳದೆಂದು ಹೇಳಬಹುದಾದದ್ದು ಒಂದೇ: ಭಾನುವಾರದ ತುಂಬಿದ ರೊಟ್ಟಿ. ಎಲೆಕೋಸಿನ ಖಾರದ ಹೂರಣ ತುಂಬಿ, ಅಂಗೈಯಗಲ ಲಟ್ಟಿಸಿ ಎಣ್ಣೆಗೆ ಬಿಟ್ಟರೆ ಉಬ್ಬಿಕೊಂಡು ಮೇಲೆ ಬರುತ್ತಿತ್ತು. ನಾದಿನಿ ಮಾಡಿದರೆ ಬಾಣಲೆಯಲ್ಲೇ ಒಡೆಯುತ್ತಿತ್ತು. ತಮ್ಮನ ಕಚೇರಿಯವರು ಅದಕ್ಕೆಂದೇ ಬರುತ್ತಿದ್ದರು.

"ಎಲ್ಲಾ ಅಕ್ಕನ ಕೈಗುಣ," ಎನ್ನುತ್ತಿದ್ದ ತಮ್ಮ.

ಕೈಗುಣವೂ ಅಲ್ಲ, ಕಾಲ್ಗುಣವೂ ಅಲ್ಲ. ಹೆಚ್ಚಿದ ಕೋಸಿಗೆ ಉಪ್ಪು ಬೆರೆಸಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಬಟ್ಟೆಯಲ್ಲಿ ಕಟ್ಟಿ ಕೊನೆಯ ಹನಿಯವರೆಗೆ ಹಿಂಡಬೇಕು. ಮನೆಯವರು ಏಳುವ ಮೊದಲೇ ಅವಳು ಹಿಂಡಿ, ನೀರನ್ನು ಮೋರಿಗೆ ಚೆಲ್ಲಿ, ಬಟ್ಟೆ ಒಗೆದು ಹಾಕಿರುತ್ತಿದ್ದಳು. ಮೊದಮೊದಲು ಅದು ಬರೀ ಅಭ್ಯಾಸ. ಆಮೇಲಾಮೇಲೆ ಗುಟ್ಟು.

ಒಂದು ಮಧ್ಯಾಹ್ನ ತಟ್ಟೆ ಸರಿಸುತ್ತಾ ತಮ್ಮ ಅಂದ, "ದೊಡ್ಡಮ್ಮ ಹಾಸಿಗೆ ಹಿಡಿದಿದ್ದಾರೆ ಅಕ್ಕಾ. ನೋಡ್ಕೊಳ್ಳೋಕೆ ಯಾರೂ ಇಲ್ಲ. ನೀನು ಅಲ್ಲಿ ಹೋಗಿ ಇದ್ರೆ ಹೇಗೆ?"

"ಭಾನುವಾರ ನಿಮ್ಮ ಸ್ನೇಹಿತರಿಗೆ ಗಾಳಿ ತಿನ್ನಿಸ್ತೀರಾ?" ನಾದಿನಿ ನಕ್ಕಳು. "ಮೊದಲು ನಿಮ್ಮ ಮಗಳು ಕಲೀಲಿ. ಆಮೇಲೆ ಅತ್ತಿಗೆ ಹೊರಡ್ಲಿ."

ಐವತ್ತೆರಡನೆಯ ವಯಸ್ಸಿಗೆ ಇನ್ನೊಂದು ಮನೆ, ಇನ್ನೊಂದು ಹಂಗು. ದೊಡ್ಡಮ್ಮ ಕಣ್ಣುಮುಚ್ಚಿದರೆ ಅದೂ ಇಲ್ಲ.

ಆ ಭಾನುವಾರ ಹುಡುಗಿ ಕಲಿಯಲು ಬಂದಾಗ ಹಿಂಡಿದ ಕೋಸಿನ ಹೂರಣ ಪಾತ್ರೆಯಲ್ಲಿ ಸಿದ್ಧವಾಗಿತ್ತು. ಹಿಟ್ಟು ನಾದುವುದು, ನಡು ದಪ್ಪ ಅಂಚು ತೆಳು ಮಾಡುವುದು, ಬಾಯಿ ಸೇರಿಸಿ ತಿರುಚುವುದು, ಎಲ್ಲವನ್ನೂ ಮನಸಾರೆ ಕಲಿಸಿದಳು.

"ಹೂರಣಕ್ಕೆ ಏನೇನು ಅತ್ತೆ?"

"ಕೋಸು, ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು."

"ಅಷ್ಟೇನಾ?"

"ಅಷ್ಟೇ ಕಣೇ. ಇನ್ನೇನು ಬಂಗಾರ ಹಾಕ್ತಾರಾ?"

ಇಬ್ಬರೂ ನಕ್ಕರು.

ಮುಂದಿನ ವಾರ ಹುಡುಗಿ ಅವಳನ್ನು ಅಡುಗೆಮನೆಯಿಂದ ಹೊರಗೆ ತಳ್ಳಿದಳು. "ಇವತ್ತು ನೀನು ಮಹಾರಾಣಿ. ಹೋಗಿ ಕೂತ್ಕೋ." ಬಂದವರ ನಡುವೆ ಕುರ್ಚಿಯಲ್ಲಿ ಕೂತು ಅಭ್ಯಾಸವಿರಲಿಲ್ಲ; ನೀರಿನ ನೆಪದಲ್ಲಿ ಎದ್ದು ಒಳಗೆ ಹೋದಳು. ಮಣೆಯ ಮೇಲಿನ ರೊಟ್ಟಿಗಳ ಹೊಟ್ಟೆ ಒದ್ದೆಯಾಗಿ ಕಪ್ಪಿಟ್ಟಿತ್ತು. ಎಣ್ಣೆ ಕಾಯುತ್ತಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ನೀರಿನ ಜೊತೆ ನುಂಗಿದಳು. ಒಂದೆರಡು ರೊಟ್ಟಿ ಒಡೆಯುತ್ತವೆ, ಹುಡುಗಿಯ ಮುಖ ಸಪ್ಪಗಾಗುತ್ತದೆ, ಅಷ್ಟೇ ತಾನೆ ಎಂದುಕೊಂಡು ಕುರ್ಚಿಗೆ ಮರಳಿದಳು.

ಚಟಾರನೆ ಸದ್ದು. ಅದರ ಹಿಂದೆಯೇ ಹುಡುಗಿಯ ಚೀತ್ಕಾರ.

ಬಲಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಬ್ಯಾಂಡೇಜು. ಕಲೆ ಉಳಿಯುತ್ತದೆ ಎಂದರು ಡಾಕ್ಟರು. "ಎಲ್ಲರಿಗೂ ಎಲ್ಲಾ ಬರೋಲ್ಲ. ನೀನಿನ್ನು ಆ ಬಾಣಲೆ ಮುಟ್ಟಿದ್ರೆ ನೋಡು!" ನಾದಿನಿ ಮಗಳನ್ನು ಬೈದು ತಾನೇ ಅತ್ತಳು. ತಮ್ಮ ದೊಡ್ಡಮ್ಮನಿಗೆ ಒಬ್ಬ ನರ್ಸನ್ನು ಗೊತ್ತುಮಾಡಿದ. "ಅಕ್ಕ ಇಲ್ಲೇ ಇರ್ಲಿ."

ಆ ವಾರವಿಡೀ ಹುಡುಗಿಗೆ ಅವಳೇ ಊಟ ಮಾಡಿಸಿದಳು.

"ನಾನೇ ಎಲ್ಲೋ ಎಡವಿದೆ ಅತ್ತೆ," ಎಂದಳು ಹುಡುಗಿ. "ನೀನು ಅಷ್ಟು ಚೆನ್ನಾಗಿ ಹೇಳ್ಕೊಟ್ಟಿದ್ದೆ. ವಾಸಿಯಾದ್ಮೇಲೆ ಇನ್ನೊಂದ್ಸಲ ತೋರಿಸ್ತೀಯಾ?"

ಒಂದೇ ಮಾತು ಸಾಕಿತ್ತು. ಅವಳು ತಟ್ಟೆಯ ಅನ್ನವನ್ನು ಮತ್ತೆ ಮತ್ತೆ ಕಲಸಿದಳು.

"ನಿನಗ್ಯಾಕೆ ಮಗಳೇ ಅದೆಲ್ಲ," ಎಂದಳು. "ನಾನಿದ್ದೀನಲ್ಲ."

ಹುಡುಗಿ ನಂಬಿಕೆಯಿಂದ ತುತ್ತಿಗೆ ಬಾಯಿ ತೆರೆದಳು.