ಪೆನ್‌ಡ್ರೈವ್‌ಗೆ ಹಚ್ಚಿದ ಕುಂಕುಮ

ಕಂಪ್ಲಿಯಲ್ಲಿರುವ ತಮ್ಮನ ರೈಸ್ ಮಿಲ್ಲಿಗೆ ನಾನೇ ಒಂದು ಪೆನ್‌ಡ್ರೈವ್ ಸಿದ್ಧಮಾಡಿ, ಪರೀಕ್ಷಿಸಿ ಕೊಟ್ಟಿದ್ದೆ. ಲೋಡು ತೂಗುವ ವೇಬ್ರಿಡ್ಜ್ ಕಂಪ್ಯೂಟರಿನ ಹಳೆಯ ವಿಂಡೋಸ್, ಕಚೇರಿಯ ಹೊಸ ವಿಂಡೋಸ್, ಜೊತೆಗೆ ಲಿನಕ್ಸ್ ಮೂರೂ ಅದರಲ್ಲಿದ್ದವು. ಯಾವ ಕಂಪ್ಯೂಟರ್ ಕೆಟ್ಟರೂ ಅದರಿಂದಲೇ ಚಾಲೂ ಮಾಡಿ ಸರಿಪಡಿಸಬಹುದಿತ್ತು.

ಸುಗ್ಗಿಯಲ್ಲಿ ನಾನು ಮಿಲ್ಲಿಗೆ ಬಂದಿದ್ದಾಗ ವೇಬ್ರಿಡ್ಜ್ ಕಂಪ್ಯೂಟರೇ ಕೈಕೊಟ್ಟಿತು. ಎಮ್ಮಿಗನೂರಿನ ಭತ್ತದ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದ್ದವು, ಮೋಡ ಕವಿಯುತ್ತಿತ್ತು. ತೂಕವಾಗದೆ ಭತ್ತ ಶೆಡ್ಡಿನೊಳಗೆ ಹೋಗುವಂತಿರಲಿಲ್ಲ. ಪೆನ್‌ಡ್ರೈವ್ ಚುಚ್ಚಿದೆ. ಪರದೆ ಕಪ್ಪಾಗಿಯೇ ಉಳಿಯಿತು.

“ಅಕ್ಕಾ, ಜಲ್ದಿ ಮಾಡು. ಮಳಿ ಬಂದ್ರ ಭತ್ತ ಎಲ್ಲಾ ತೊಯ್ತೈತಿ,” ಎಂದ ತಮ್ಮ.

“ಅಮ್ಮಾರ, ನನ್ನ ಭತ್ತಕ್ಕ ಹೊಚ್ಚಿದ ತಾಡಪತ್ರಿ ಹರಿದೈತ್ರಿ,” ಎಂದು ರೈತನೊಬ್ಬ ಕಿಟಕಿಯಿಂದ ಕೂಗಿದ.

ಪೆನ್‌ಡ್ರೈವನ್ನು ಹೊರಗೆಳೆದು ಬೆಳಕಿಗೆ ಹಿಡಿದೆ. ಅದರ ಬಾಯಲ್ಲಿ ಕುಂಕುಮ ಒಣಗಿ ಗಟ್ಟಿಯಾಗಿತ್ತು.

“ಏನಲೇ ಇದು?”

“ಆಯುಧಪೂಜಿದು, ಅಕ್ಕಾ. ಸ್ಪ್ಯಾನರ್ ಜೊತಿ ಇದನ್ನೂ ಇಟ್ಟಿದ್ದೆ.”

“ಆಯುಧದ ಬಾಯೇ ಮುಚ್ಚಿಬಿಟ್ಟೀಯಲ್ಲೋ!”

ಸೆರಗಿನ ಪಿನ್ನು ಬಿಚ್ಚಿ ಕುಂಕುಮವನ್ನು ಮೆಲ್ಲಗೆ ಕೆರೆದು, ಒಣಬಟ್ಟೆಯಿಂದ ಒರೆಸಿದೆ. ಮತ್ತೆ ಚುಚ್ಚಿದಾಗ ಮೂರೂ ಹೆಸರು ಪರದೆಯ ಮೇಲೆ ಬಂದವು. ಹಳೆಯ ವಿಂಡೋಸ್ ಆರಿಸಿ ದುರಸ್ತಿಗೆ ಬಿಟ್ಟೆ.

ಕಂಪ್ಯೂಟರ್ ಎದ್ದು ತೂಕದ ಅಂಕಿ ಮೂಡುವಾಗ, ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು. ಸಾಲು ತಪ್ಪಿದರೂ ಸರಿ, ಹರಿದ ತಾಡಪತ್ರಿಯ ಟ್ರ್ಯಾಕ್ಟರನ್ನೇ ಮೊದಲು ವೇಬ್ರಿಡ್ಜಿಗೆ ಹತ್ತಿಸಲು ಹೇಳಿದೆ.