ಚಂದ್ರಾಮಪ್ಪನ ತಲೆಯ ಹುಳ

ದಂಡೋತಿಯ ಸುಂದರಬಾಯಿ ತನ್ನ ಗಂಡ ಚಂದ್ರಾಮಪ್ಪನಿಗೆ ಮೂವತ್ತೆರಡು ವರ್ಷ ಒಂದೇ ಮಾತು ಅಂದವಳು: "ನಿನ್ನ ತಲ್ಯಾಗ ಹುಳ ಹೊಕ್ಕದ." ಶಹಾಬಾದದ ಖಣಿಯಲ್ಲಿ ಕಲ್ಲು ಕಡಿಯುತ್ತಿದ್ದ ಆತ ಆಡಿನ ಕೊಟ್ಟಿಗೆಗೆ ಪಾಲಿಶ್ ಹೊಡೆದ ಫರಸಿಕಲ್ಲು ಹಾಸಿ, ಹನ್ನೊಂದು ಆಡೂ ಕಾಲು ಚೆಲ್ಲಿ ಬಿದ್ದ ದಿನ ಮೂರು ಸಲ ಅಂದಿದ್ದಳು.

ಹೋದ ವರ್ಷ ಆತನ ತಲೆಯಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಕಲಬುರಗಿಯಲ್ಲಿ ಆಪರೇಶನ್ ಆಯಿತು, ರೇಡಿಯೇಶನ್ನಿನ ಕರೆಂಟೂ ಕೊಟ್ಟರು. ಆಮೇಲೆ ನಾಜಿಯಾ ಡಾಕ್ಟರು ಇನ್ನೊಂದು ಗುಳಿಗೆ ತೋರಿಸಿದರು. ಇದು ಬೇರೆ ರೋಗದ ಹಳೆಯ ಔಷಧಿ, ಗಡ್ಡೆಗೂ ನಾಟೀತೇ ಎಂದು ಪರೀಕ್ಷೆ ಮಾಡುತ್ತಿದ್ದೇವೆ, ಉಳಿದ ಔಷಧಿಯ ಜೊತೆಗೇ ಆರು ತಿಂಗಳು ತೆಗೆದುಕೊಳ್ಳಬೇಕು, ನಾಟುತ್ತದೆಂದು ಮಾತು ಕೊಡಲಾರೆ ಎಂದರು.

ಯಾವ ರೋಗದ್ದೆಂದು ಚಂದ್ರಾಮಪ್ಪ ಕೇಳಿದ.

"ಹೊಟ್ಟಿಯೊಳಗಿನ ಹುಳದ್ದು."

ಚಂದ್ರಾಮಪ್ಪ ಹೆಂಡತಿಯನ್ನು ನೋಡಿದ. ಸುಂದರಬಾಯಿ ಗೋಡೆಯ ಕ್ಯಾಲೆಂಡರ್ ನೋಡಿದಳು.

ಎಂಟು ದಿನದೊಳಗೆ ಹೂಂ ಅನ್ನಬೇಕಿತ್ತು. ಮನೆ ಮುಟ್ಟಿದ ಮೇಲೆ ಚಂದ್ರಾಮಪ್ಪ ಅಂದ: "ಆ ಡಾಕ್ಟರಗ ನೀನೇ ಮೊದಲ ಹೇಳಿಟ್ಟಿ. ಇಬ್ಬರೂ ಕೂಡಿ ನನ್ನ ಆಡು ಮಾಡಾಕತ್ತೀರಿ. ನಾ ನುಂಗಂಗಿಲ್ಲ."

ಸುಂದರಬಾಯಿ ಆಡುಗಳಿಗೆ ತೂಕ ನೋಡಿ, ದಿನ ಎಣಿಸಿ ಹುಳದ ಔಷಧಿ ಕುಡಿಸುವವಳು. ಹನಿ ಹೆಚ್ಚಿಲ್ಲ, ಹನಿ ಕಡಿಮೆಯಿಲ್ಲ. ದವಡೆ ಹಿಡಿದರೆ ಎಂಥ ಹೋತವೂ ನುಂಗಲೇಬೇಕು. ಗಂಡನ ದವಡೆ ಹಿಡಿಯಲು ಬರುವುದಿಲ್ಲ. ಎಂಟನೆಯ ದಿನ ಬೆಳಿಗ್ಗೆ ರೊಟ್ಟಿ ಹಾಕುತ್ತ ಕೇಳಿದಳು: "ಏನ್ ಮಾಡಿದ್ರ ನುಂಗ್ತಿ?"

"ಗುಳಿಗಿ ಮುಗಿಯೋ ತನಾ ನೀ ಆ ಮಾತು ಅನ್ನಬಾರದು."

ಅರ್ಧ ಆಡುಗಳನ್ನು ಮಾರು ಅಂದಿದ್ದರೆ ಸುಲಭವಿತ್ತು. ಒಪ್ಪಿದಳು.

ಹೊತ್ತು ಹೊತ್ತಿಗೆ ರೊಟ್ಟಿಯ ಜೊತೆ ಗುಳಿಗೆ, ದಿನಕ್ಕೊಂದು ಇದ್ದಿಲಿನ ಗೆರೆ ಗೋಡೆಯ ಮೇಲೆ. ನಾಲ್ಕು ತಿಂಗಳಾದ ಮೇಲೆ ತಲೆಯ ಫೋಟೋ ತೆಗೆದರು. ಗಡ್ಡೆ ಬೆಳೆದಿರಲಿಲ್ಲ. ಯಾವುದರಿಂದ ಎಂದು ಈಗಲೇ ಹೇಳಲಾಗದು ಎಂದರು ಡಾಕ್ಟರು.

ಆ ಖುಷಿಗೆ ಚಂದ್ರಾಮಪ್ಪ ಆಡು ನೀರು ಕುಡಿಯುವ ಜಾಗಕ್ಕೂ ಹೊಳೆಯುವ ಫರಸಿ ಹಾಸಿದ. ದೊಡ್ಡ ಹೋತ ಜಾರಿಕೊಂಡು ಹೋಗಿ ನೀರಿನ ಬಾನಿಯಲ್ಲಿ ಕುಂತಿತು. ಸುಂದರಬಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹೋತವನ್ನು ಎತ್ತಿದಳು, ಒರೆಸಿದಳು, ಕಟ್ಟಿದಳು. ಆತ ನಿಂತೇ ಇದ್ದ.

"ಒಂದ್ಸಲ ಅಂದುಬಿಡು," ಎಂದ ಕಡೆಗೆ.

ಸುಂದರಬಾಯಿ ಒಳಗೆ ಹೋಗಿ ಗೆರೆಗಳನ್ನು ಎಣಿಸಿ ಬಂದಳು.

"ಇನ್ನಾ ಅರವತ್ತೊಂದು ದಿನ ಅದಾವ. ತಡಿ."